ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಪಿಎಚ್‌.ಡಿ.

ಓದುಗರ ಪ್ರಶ್ನೆ, ನಿವೃತ್ತ ಪ್ರಾಧ್ಯಾಪಕಿಯ ಉತ್ತರ

ಪ್ರಶ್ನೆ: ಕನ್ನಡ ಎಂ.ಎ. ಮುಗಿಸಿದ್ದೇನೆ, ಪಿಎಚ್‌.ಡಿ. ಮಾಡುವ ಆಸೆ. ‘ಆಧುನಿಕ ಕನ್ನಡ ಸಾಹಿತ್ಯದಲ್ಲಿ ಸ್ತ್ರೀ ಸಂವೇದನೆ’ ಎಂಬ ವಿಷಯ ಹಿಡಿದು ಇಬ್ಬರು ಪ್ರಾಧ್ಯಾಪಕರನ್ನು ಕಂಡೆ. ಇಬ್ಬರೂ ‘ನೋಡೋಣ’ ಎಂದರು. ಶಿಫಾರಸು ಇಲ್ಲದವರಿಗೆ ಗೈಡ್ ಸಿಗುವುದಿಲ್ಲವೇ? ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಆಗಿರಲೇಬೇಕೇ? ಮನೆಯಲ್ಲಿ ಮದುವೆಯ ಮಾತು ಬೇರೆ ನಡೆದಿದೆ. (ಕೈಬರಹಕ್ಕೆ ಕ್ಷಮೆಯಿರಲಿ. ಮೈಲಾರ ಜಾತ್ರೆಯ ಭವಿಷ್ಯನುಡಿಯಾದ ಕಾರಣಿಕವನ್ನು ವರ್ಷವರ್ಷವೂ ಕ್ಯಾಲೆಂಡರಿನ ಹಿಂದೆ ಬರೆದಿಡುವ ನಮ್ಮಜ್ಜಿಯ ಅಕ್ಷರವೇ ನನಗೂ ಬಂದಿದೆ.)
— ಹೂವಿನಹಡಗಲಿ ತಾಲ್ಲೂಕಿನ ಓದುಗಿ

ಉತ್ತರ: ಆ ವಿಷಯ ಕಂಡಿದ್ದರೆ ನಾನೂ ‘ನೋಡೋಣ’ ಎಂದೇ ಅನ್ನುತ್ತಿದ್ದೆ. ಶಿಫಾರಸಿನ ಮಾತು ಆಮೇಲೆ. ಶೋಧಗಂಗಾ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಪುಕ್ಕಟೆ ಓದಲು ಸಿಗುತ್ತವೆ. ಅಲ್ಲಿ ಹುಡುಕಿದರೆ ನಿಮ್ಮ ವಿಷಯದ ಅಕ್ಕತಂಗಿಯರು ಸಾಲುಗಟ್ಟಿ ನಿಂತಿರುತ್ತಾರೆ.

ಆದರೆ ಕಂಸದೊಳಗೆ ಬಚ್ಚಿಟ್ಟ ಸಾಲೊಂದಿದೆಯಲ್ಲ, ಅದನ್ನು ಓದಿ ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ. ಜಾತ್ರೆಯಲ್ಲಿ ಮೈಲಾರಲಿಂಗನ ಭಕ್ತ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ, ಅಷ್ಟು ದೊಡ್ಡ ಜನಸಾಗರ ಒಮ್ಮೆಗೇ ಬಾಯಿ ಮುಚ್ಚುತ್ತದೆ, ಒಂದೇ ಒಂದು ನುಡಿ ಬೀಳುತ್ತದೆ, ಕೊನೆಗೆ ‘ಪರಾಕ್’. ಹೊತ್ತು ಮುಳುಗುವುದರೊಳಗೆ ಅದಕ್ಕೆ ನೂರು ಅರ್ಥ: ಮಳೆ ಎನ್ನುವವರು, ಬೆಳೆ ಎನ್ನುವವರು, ಸರ್ಕಾರ ಬೀಳುತ್ತದೆ ಎನ್ನುವವರು. ಮಾರನೆಯ ದಿನ ಪತ್ರಿಕೆಯಲ್ಲಿ ಅಚ್ಚಾದ ನುಡಿಗೂ ಅಜ್ಜಿ ಬರೆದುಕೊಂಡ ನುಡಿಗೂ ವ್ಯತ್ಯಾಸವಿದೆಯೇ? ಯಾವ ವರ್ಷದ ಕಾರಣಿಕವನ್ನು ಊರು ನೆನಪಿಟ್ಟುಕೊಂಡಿತು, ಯಾವುದನ್ನು ಮರೆಯಿತು? ಬರಗಾಲದ ವರ್ಷ ಅಜ್ಜಿ ಪಕ್ಕದಲ್ಲಿ ಏನಾದರೂ ಗುರುತು ಹಾಕಿದ್ದಾರೆಯೇ? ಇವು ಗೈಡ್‌ಗಳನ್ನು ಕುರ್ಚಿಯಿಂದ ಮುಂದಕ್ಕೆ ಬಾಗಿಸುವ ಪ್ರಶ್ನೆಗಳು. ಮೊದಲು ಆ ಹಾಳೆಗಳು ರದ್ದಿಗೆ ಹೋಗದಂತೆ ನೋಡಿಕೊಳ್ಳಿ. ಒಂದೊಂದರ ಫೋಟೊ ತೆಗೆಯಿರಿ, ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಆಮೇಲೆ ಎರಡು ಪುಟದ ಟಿಪ್ಪಣಿ ಬರೆದು ಜಾನಪದದವರನ್ನು ಕಾಣಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಿಮಗೆ ಹತ್ತಿರ. 1991ರಲ್ಲಿ ಸಂಶೋಧನೆಗೆಂದೇ ಹುಟ್ಟಿದ್ದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ.

ನೆಟ್ ವಿಚಾರ: ಆಗಿದ್ದರೆ ಒಳ್ಳೆಯದು. 2024ರಿಂದ ನೆಟ್ ಅಂಕವನ್ನೇ ಪಿಎಚ್‌.ಡಿ. ಪ್ರವೇಶಕ್ಕೂ ಬಳಸಬಹುದು. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಗದಿದ್ದವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಅಂಕಕ್ಕೆ ಒಂದು ವರ್ಷದ ಆಯಸ್ಸು. ಸ್ವಂತ ಪ್ರವೇಶ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಗಳೂ ಇರುವುದರಿಂದ ಅಧಿಸೂಚನೆ ಓದಿಯೇ ಅರ್ಜಿ ಹಾಕಿ. ಜೆಆರ್‌ಎಫ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅಪ್ಪನ ಮುಂದೆ ಕೈ ಚಾಚುವುದು ತಪ್ಪುತ್ತದೆ. ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಹೆಣ್ಣುಮಕ್ಕಳಿಗೆ ಎರಡು ವರ್ಷದ ಹೆಚ್ಚುವರಿ ಸಡಿಲಿಕೆ, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಉಂಟು. ವರನ ಕಡೆಯವರಿಗೆ ಕಾಫಿ ಕೊಡುವಾಗಲೇ ಇಷ್ಟನ್ನೂ ಹೇಳಿಬಿಡಿ.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ವಿಜ್ಞಾನ. ಬೆಂಗಳೂರಿನ ವಿಜ್ಞಾನ ಸಂಸ್ಥೆಯನ್ನು ಒಮ್ಮೆ ಒಳಗಿನಿಂದ ನೋಡಬೇಕಂತೆ. ನಮ್ಮಂಥವರನ್ನು ಬಿಡುತ್ತಾರೆಯೇ?
— ತಿಪಟೂರಿನ ತಾಯಿ

ಉತ್ತರ: ಧಾರಾಳವಾಗಿ. ಹಳಬರ ಬಾಯಲ್ಲಿ ಇಂದಿಗೂ ಅದು ಟಾಟಾ ಇನ್‌ಸ್ಟಿಟ್ಯೂಟ್. ಆದರೆ ಅದು ನಿಂತಿರುವ 371 ಎಕರೆ ಮೈಸೂರು ಸಂಸ್ಥಾನ ಕೊಟ್ಟ ನೆಲ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಓಪನ್ ಡೇ ಇರುತ್ತದೆ, ಪ್ರವೇಶ ಉಚಿತ. ಕೃತಕ ಮಿಂಚು ಹೊಡೆಸಿ ತೋರಿಸುವ ಹೈ ವೋಲ್ಟೇಜ್ ಪ್ರಯೋಗಾಲಯದ ಮುಂದೆ ಜನ ಮುಗಿಬೀಳುತ್ತಾರೆ. ಅದನ್ನು ನೋಡಿ, ಆದರೆ ಇಡೀ ದಿನವನ್ನು ಆ ಸರದಿಯಲ್ಲೇ ಕಳೆಯಬೇಡಿ. ಪೋಸ್ಟರ್ ಪಕ್ಕದಲ್ಲಿ ಯಾರೂ ಮಾತನಾಡಿಸದೆ ನಿಂತಿರುವ ಸಂಶೋಧನಾ ವಿದ್ಯಾರ್ಥಿ ಇರುತ್ತಾನಲ್ಲ, ಮಗಳನ್ನು ಅವನ ಹತ್ತಿರ ಕಳುಹಿಸಿ. ಕನ್ನಡದಲ್ಲಿ ಕೇಳಲು ಸಂಕೋಚ ಬೇಡ. ಪದವಿಗೆ ಅಲ್ಲಿಯೇ 2011ರಿಂದ ನಾಲ್ಕು ವರ್ಷದ ಬಿ.ಎಸ್‌ಸಿ. (ಸಂಶೋಧನೆ) ನಡೆಯುತ್ತಿದೆ. ಅದು ಸಿಗದಿದ್ದರೂ ಅಳುವುದೇನೂ ಬೇಡ. ಊರ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಲೇ ಮೂರು ವಿಜ್ಞಾನ ಅಕಾಡೆಮಿಗಳು ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ಎರಡು ತಿಂಗಳು ವಿಜ್ಞಾನಿಯೊಬ್ಬರ ಜತೆ ಕೆಲಸ. ಕಾಲೇಜಿನ ಉಪನ್ಯಾಸಕರಿಗೂ ಇದು ತೆರೆದಿದೆ. ಎಷ್ಟು ಮಂದಿ ಹಾಕುತ್ತಾರೋ!

ಪ್ರಶ್ನೆ: ಮೆಕ್ಕೆಜೋಳ ಬೆಳೆಯುತ್ತೇನೆ. ‘ರೈತನಿಗೆ ವಿಶ್ವವಿದ್ಯಾಲಯದಲ್ಲಿ ಏನು ಕೆಲಸ’ ಎನ್ನುತ್ತಾನೆ ಭಾವಮೈದ. ಕೃಷಿಮೇಳಕ್ಕೆ ಹೋಗುವುದರಿಂದ ಪ್ರಯೋಜನವಿದೆಯೇ?
— ಹಿರೇಕೆರೂರಿನ ಓದುಗರು

ಉತ್ತರ: ಮೆಕ್ಕೆಜೋಳದ ಸುಳಿಯನ್ನು ಜರಡಿ ಮಾಡುವ ಫಾಲ್ ಸೈನಿಕ ಹುಳು ಭಾರತಕ್ಕೆ ಬಂದಿದೆಯೆಂದು ಮೊದಲು ಗುರುತಿಸಿದ್ದು ಎಲ್ಲಿ ಎಂದು ಭಾವಮೈದನನ್ನು ಕೇಳಿ. ದಿಲ್ಲಿಯಲ್ಲಲ್ಲ, ನಿಮ್ಮ ಪಕ್ಕದ ಶಿವಮೊಗ್ಗದಲ್ಲಿ, 2018ರಲ್ಲಿ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೆಕ್ಕೆಜೋಳದ ಹೊಲದಲ್ಲೇ ಅದನ್ನು ಹಿಡಿದರು. ಹೊಲ ಇಲ್ಲದಿದ್ದರೆ ಆ ಸಂಶೋಧನೆಯೇ ಇಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಬರಿಗೈಯಲ್ಲಿ ಹೋಗಿ ಮಿರ್ಚಿ ಭಜಿ ತಿಂದು ಬರಬೇಡಿ. ರೋಗ ಬಿದ್ದ ಗಿಡವನ್ನು ಬೇರುಸಹಿತ ಕಿತ್ತು, ಕಾಗದದಲ್ಲಿ ಸುತ್ತಿಕೊಂಡು ಹೋಗಿ ಅಲ್ಲಿನ ವಿಜ್ಞಾನಿಗಳಿಗೆ ತೋರಿಸಿ (ಪ್ಲಾಸ್ಟಿಕ್ಕಿನಲ್ಲಿ ಕೊಳೆಯುತ್ತದೆ). ಬಿತ್ತಿದ ದಿನ, ತಳಿ, ಹಾಕಿದ ಔಷಧಿಯ ಹೆಸರು ಚೀಟಿಯಲ್ಲಿರಲಿ.

ಪ್ರಶ್ನೆ: ಹಣ ಕೊಟ್ಟರೆ ಮಹಾಪ್ರಬಂಧ ಬರೆದುಕೊಡುತ್ತೇವೆ ಎಂದು ಒಬ್ಬರು ಫೋನ್ ಮಾಡಿದ್ದರು. ನಂಬಬಹುದೇ?
— ಹೆಸರು ಬೇಡ

ಉತ್ತರ: ಅವರು ನಿಮಗೆ ಬರೆದುಕೊಡುವುದು ಇನ್ನೊಬ್ಬರಿಗೆ ಬರೆದುಕೊಟ್ಟಿದ್ದನ್ನೇ ಇರಬಹುದು. ನಕಲು ಪತ್ತೆ ತಂತ್ರಾಂಶ ಅದನ್ನು ಹಿಡಿದರೆ ನಿಮಗೆ ಸಂಕಟ: ಹೋಲಿಕೆ ಶೇ 60 ದಾಟಿದರೆ 2018ರ ಯುಜಿಸಿ ನಿಯಮದಂತೆ ನೋಂದಣಿಯೇ ರದ್ದು. ವೈವಾದ ದಿನ ಪರೀಕ್ಷಕರ ಮುಂದೆ ಕೂರುವವರೂ ನೀವೇ. ಫೋನ್ ಮಾಡಿದವರು ಆ ದಿನ ಕರೆ ಸ್ವೀಕರಿಸುವುದಿಲ್ಲ.