ಪಬ್ಲಿಕ್ ಹೆಲ್ತ್ ಪ್ರಾಕ್ಟಿಕಲ್ ಬರೀ ರೆಕಾರ್ಡ್ ನಕಲಾಗಿದೆ, ಉಪಕರಣಕ್ಕೆ ದುಡ್ಡೂ ಇಲ್ಲ. ಎಲ್ಲಿಂದ ಸರಿಪಡಿಸಲಿ?

ಸ್ಯಾಂಪಲ್‌ನಿಂದ ಶುರು ಮಾಡಿ, ಉಪಕರಣದ ಮಾತು ಆಮೇಲೆ. ನಾನು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳಿಗೆ ನೀರಿನ ಪರೀಕ್ಷೆ ಕಲಿಸುತ್ತೇನೆ. ಉತ್ತರ ಮೊದಲೇ ಗೊತ್ತಿರುವ ನೀರು ಕೊಟ್ಟರೆ ಸೀನಿಯರ್ ರೆಕಾರ್ಡ್ ನೋಡಿ ಬರೆಯದವರು ಯಾರು? ಹಾಸ್ಟೆಲ್ಲು, ಪಿಜಿ, ಊರಿನ ಟ್ಯಾಂಕು, ಎಲ್ಲಿಂದಾದರೂ ತಮ್ಮದೇ ನೀರು ತರಲಿ.

ತರುವುದರಲ್ಲೇ ಅರ್ಧ ಪಾಠವಿದೆ. ಕ್ಲೋರಿನ್ ಹಾಕಿದ ನೀರನ್ನು ಬರೀ ಸ್ಟೆರೈಲ್ ಬಾಟಲಿಯಲ್ಲಿ ಹಿಡಿದರೆ ದಾರಿಯುದ್ದಕ್ಕೂ ಕ್ಲೋರಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಲ್ಯಾಬಿಗೆ ಬರುವಷ್ಟರಲ್ಲಿ ನೀರು ಇದ್ದದ್ದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಅದಕ್ಕೇ ಕ್ಲೋರಿನ್ನಿನ ಕೆಲಸ ನಿಲ್ಲಿಸುವ ಸೋಡಿಯಂ ಥಯೋಸಲ್ಫೇಟನ್ನು ಬಾಟಲಿಗೆ ಹಾಕುವುದು. ಒಂದೇ ನಲ್ಲಿಯಿಂದ ಥಯೋಸಲ್ಫೇಟ್ ಹಾಕಿದ್ದು, ಹಾಕದ್ದು ಎರಡನ್ನೂ ತರಿಸಿ, ಕೋಲಿಫಾರ್ಮ್ (ನೀರು ಮಲಿನವಾಗಿರುವ ಸುಳಿವು ಕೊಡುವ ಬ್ಯಾಕ್ಟೀರಿಯಾ) ಎಣಿಕೆ ಹೋಲಿಸಲು ಹೇಳಿ. ಪ್ರತಿ ಸಲ ವ್ಯತ್ಯಾಸ ಸಿಗುವುದಿಲ್ಲ. ಸಿಗದ ದಿನವೇ ಚರ್ಚೆ ಚೆನ್ನಾಗಿರುತ್ತದೆ. ಉಳಿಕೆ ಕ್ಲೋರಿನ್ನನ್ನು ಮಾತ್ರ ನಲ್ಲಿಯ ಬಳಿಯೇ, ಬಣ್ಣ ನೋಡಿ ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್‌ನಲ್ಲಿ ನೋಡಲಿ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಕನಿಷ್ಠ 0.2 ಮಿ.ಗ್ರಾಂ/ಲೀ ಇರಬೇಕು. ಕ್ಲೋರಿನ್ ನೋಡಲು ಹಳೆಯ ಆರ್ಥೋಟೊಲಿಡಿನ್ ದ್ರಾವಣವನ್ನು ಇನ್ನೂ ಬಳಸುತ್ತಿದ್ದರೆ ಬಿಡಿ, ಅದು ಕ್ಯಾನ್ಸರ್‌ಕಾರಕ ಎಂಬ ಶಂಕೆಯಿದೆ.

ನೀರಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಬೇಕೆಂದು ಸಾಲು ಕಪ್‌ಗಳಲ್ಲಿ ತೋರಿಸುವ ಹಾರಕ್ಸ್ ಉಪಕರಣ ಹಳತೆಂದು ಮೂಲೆಗೆ ಹಾಕಬೇಡಿ. ಪಂಚಾಯಿತಿ ಗೋದಾಮಿನ ಬ್ಲೀಚಿಂಗ್ ಪೌಡರನ್ನೇ ತರಿಸಿ. ಹೊಸ ಪುಡಿಗೆ ಎರಡನೇ ಕಪ್‌ನಲ್ಲೇ ಕ್ಲೋರಿನ್ ಸಾಕಾಯಿತೆಂಬ ನೀಲಿ ಬಣ್ಣ ಬಂದ ನೀರಿಗೆ, ಬಾಯಿ ತೆರೆದು ಬಿದ್ದಿದ್ದ ಚೀಲದ ಪುಡಿ ಹಾಕಿದರೆ ನಾಲ್ಕನೆಯದೋ ಐದನೆಯದೋ ಆದೀತು. ಮೂರನೇ ಕಪ್ ಎಂದರೆ 455 ಲೀಟರಿಗೆ 6 ಗ್ರಾಂ. ಹಾಗಾದರೆ 50,000 ಲೀಟರ್ ಟ್ಯಾಂಕಿಗೆ? ಸುಮಾರು 660 ಗ್ರಾಂ. ಈ ಲೆಕ್ಕ ಮಾಡಿದವರು ಮುಂದೆ ವಾಟರ್‌ಮ್ಯಾನ್ ಹತ್ತಿರ ಧೈರ್ಯವಾಗಿ ಮಾತಾಡುತ್ತಾರೆ.

ಸಿಲಬಸ್ ಬದಲಿಸಲು ಬೋರ್ಡ್ ಆಫ್ ಸ್ಟಡೀಸ್ ಕಾಯಬೇಕು, ಇಂಟರ್ನಲ್ ಅಂಕ ನಿಮ್ಮ ಕೈಯಲ್ಲೇ ಇರುತ್ತದೆ. ಅದರಲ್ಲಿ ಅರ್ಧವನ್ನು ಪಿಡಿಓಗೆ ಬರೆಯುವ ಒಂದು ಪುಟದ ವರದಿಗೆ ಇಡಿ: ಈ ನೀರು ಕುಡಿಯಬಹುದೇ, ಇವತ್ತು ಏನು ಮಾಡಬೇಕು? ಸ್ಪಾಟರ್ (ಇಟ್ಟ ವಸ್ತು ಗುರುತಿಸುವುದು), ವೈವಾ ಎಲ್ಲ ಪರೀಕ್ಷೆ ಹತ್ತಿರ ಬಂದಾಗ ಓದಿಕೊಳ್ಳುತ್ತಾರೆ ಬಿಡಿ.

ವರದಿ ಕೆಟ್ಟದಾಗಿ ಬಂದರೆ ಯಾರಿಗೆ ತಿಳಿಸಬೇಕೆಂದು ವಾರ್ಡನ್ ಅಥವಾ ಪಂಚಾಯಿತಿ ಜೊತೆ ಮುಂಚೆಯೇ ಮಾತಾಡಿಕೊಳ್ಳಿ. ಗೊತ್ತಾದ ಮೇಲೆ ಸುಮ್ಮನಿರುವುದು ತಪ್ಪಾಗುತ್ತದೆ. ಇನ್ನೊಂದು, ಟೈಮ್‌ಟೇಬಲ್‌ನಲ್ಲಿ ಈ ಪ್ರಾಕ್ಟಿಕಲ್ ಸೋಮವಾರ ಅಥವಾ ಮಂಗಳವಾರ ಹಾಕಿಸಿ. ಕೋಲಿಫಾರ್ಮ್ ಸಂಖ್ಯೆ ಅಂದಾಜಿಸುವ ಎಂಪಿಎನ್ ಪರೀಕ್ಷೆಯ ಟ್ಯೂಬ್‌ಗಳನ್ನು 48 ಗಂಟೆಯವರೆಗೆ ನೋಡಬೇಕು, ಶುಕ್ರವಾರ ಇಟ್ಟರೆ ಭಾನುವಾರ ಲ್ಯಾಬ್ ಬೀಗ ತೆಗೆಯುವವರು ಇರುವುದಿಲ್ಲ.