ತಂಬೂರಿ ಮಾಯ, ತಬಲಾ ತಡ: ಆನ್‌ಲೈನ್ ಧ್ವನಿಯ ತೊಂದರೆಗಳಿಗೆ ಉತ್ತರ

ಪ್ರಶ್ನೆ: ಪುಣೆ, ದುಬೈನಾಗ ಇರೋ ಮಕ್ಕಳಿಗೆ ಝೂಮ್‌ನಾಗ ಹಿಂದೂಸ್ತಾನಿ ಗಾಯನ ಹೇಳಿಕೊಡ್ತೀನ್ರಿ. ಎಲೆಕ್ಟ್ರಾನಿಕ್ ತಂಬೂರಿ ಶುರು ಮಾಡಿದ್ರ ಎರಡ್ ಮೂರ್ ಸೆಕೆಂಡಿಗೆ ಅವರ ಕಡೆ ಕೇಳ್ಸೋದು ನಿಂತ್ ಹೋಗ್ತದಂತ. ಆಕಾರದಾಗ ಸ್ವರ ಉದ್ದಕ ಹಿಡಿದ್ರ ನನ್ನ ದನೀನೂ ಏರಿಳಿತದ. ಇಂಟರ್ನೆಟ್ ಚಲೋನೇ ಅದ. ಹೊಸ ಮೈಕ್ ತಗೋಬೇಕೇನ್ರಿ?
– ಸಂಗೀತ ಶಿಕ್ಷಕಿ, ಕಲಬುರಗಿ

ಉತ್ತರ: ಮೈಕ್ ಬೇಡ, ದುಡ್ಡು ಉಳಿಸಿಕೊಳ್ಳಿ. ತಂಬೂರಿಯನ್ನು ನುಂಗುತ್ತಿರುವುದು ಝೂಮ್. ಅದನ್ನು ಮಾಡಿರುವುದೇ ಮಾತಿಗಾಗಿ. ಮಾತಿನಲ್ಲಿ ದನಿ ಏರುತ್ತದೆ, ಇಳಿಯುತ್ತದೆ, ನಡುನಡುವೆ ನಿಲ್ಲುತ್ತದೆ. ಒಂದೇ ಸಮನೆ ಬರುವ ಸಪ್ಪಳ ಕೇಳಿದರೆ ಅದು ಕೂಲರಿನದೋ ಫ್ಯಾನಿನದೋ ಎಂದು ಲೆಕ್ಕ ಹಾಕಿ ಝೂಮ್ ಅಳಿಸಿಬಿಡುತ್ತದೆ. ತಂಬೂರಿಯೂ ಒಂದೇ ಸಮನೆ, ನೀವು ಹಿಡಿದ ಷಡ್ಜವೂ ಒಂದೇ ಸಮನೆ. ಮೊದಲ ಕ್ಷಣ ಕೇಳಿಸಿ ಆಮೇಲೆ ಕರಗುವುದೇ ಈ ದೋಷದ ಗುರುತು. ಮೈಕ್ ಕೆಟ್ಟಿದ್ದರೆ ಮೊದಲಿನಿಂದಲೇ ಕೆಟ್ಟು ಕೇಳಿಸುತ್ತಿತ್ತು.

ಆದರೂ ಖಾತ್ರಿ ಮಾಡಿಕೊಂಡೇ ಮುಂದೆ ಹೋಗಿ. ಝೂಮ್ ಮುಚ್ಚಿ, ಆಡಾಸಿಟಿಯಂಥ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದು ತಂಬೂರಿಯನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ. ಅಲ್ಲಿಯೂ ಕರಗಿದರೆ ತಪ್ಪು ವಿಂಡೋಸ್‌ನದು. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮೈಕ್ ಆಯ್ದುಕೊಂಡು 'ಆಡಿಯೊ ಎನ್‌ಹಾನ್ಸ್‌ಮೆಂಟ್ಸ್' ಆಫ್ ಮಾಡಿ. ಲ್ಯಾಪ್‌ಟಾಪ್ ಕಂಪನಿಯವರು ಹಾಕಿಕೊಟ್ಟ ಬೇರೊಂದು ಸೌಂಡ್ ಆ್ಯಪ್ ಇದ್ದರೆ ಅದರಲ್ಲೂ ನಾಯ್ಸ್ ಕಡಿಮೆ ಮಾಡುವ ಗುಂಡಿ ಇರಬಹುದು, ಅದನ್ನೂ ಆಫ್ ಮಾಡಿ.

ಇಲ್ಲಿ ಸರಿಯಾಗಿ ಕೇಳಿದರೆ ಝೂಮ್‌ಗೆ ಬನ್ನಿ. ಸೆಟ್ಟಿಂಗ್ಸ್‌ನ ಆಡಿಯೊ ಪುಟದಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಆಯ್ಕೆ ಮಾಡಿ, ಅದರ ಕೆಳಗಿನ 'ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್' ಟಿಕ್ ಮಾಡಿ. ಮೈಕಿನ ವಾಲ್ಯೂಮ್ ತಾನಾಗಿ ಹೊಂದಿಸುವ ಟಿಕ್ ತೆಗೆಯಿರಿ. ನಿಮ್ಮ ದನಿ ಏರಿಳಿಯುವುದರಲ್ಲಿ ಅದರದೂ ಪಾಲಿದೆ. 'ಸ್ಟೀರಿಯೊ' ಬೇಡ. ಒಂದೇ ಮೈಕಿಗೆ ಅದರಿಂದ ಪ್ರಯೋಜನವಿಲ್ಲ, ಡೇಟಾ ಮಾತ್ರ ಎರಡು ಪಟ್ಟು: ಮೊನೊಗೆ 96 ಕೆಬಿಪಿಎಸ್, ಸ್ಟೀರಿಯೊಗೆ 192.

ಬಹಳ ಮಂದಿ ಇಷ್ಟು ಮಾಡಿ ನಿಲ್ಲಿಸುತ್ತಾರೆ, ಮರುದಿನ ತಂಬೂರಿ ಮತ್ತೆ ಮಾಯ. ಸೆಟ್ಟಿಂಗ್ಸ್‌ನಲ್ಲಿ ಟಿಕ್ ಮಾಡಿದರೆ ಗುಂಡಿ ಸಿಗುತ್ತದೆ ಅಷ್ಟೇ. ಕ್ಲಾಸ್ ಶುರುವಾದ ಮೇಲೆ ಮೀಟಿಂಗ್ ಕಿಟಕಿಯಲ್ಲಿ 'ಒರಿಜಿನಲ್ ಸೌಂಡ್' ಎಂದಿರುವ ಕಡೆ 'ಆನ್' ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಒತ್ತಿ. ಎಕೊ ಕ್ಯಾನ್ಸಲೇಶನ್ (ಮಾರ್ದನಿ ಅಳಿಸುವ ಸೌಲಭ್ಯ) ಕೂಡ ಆಫ್ ಮಾಡುವುದಾದರೆ ನೀವು ಇಯರ್‌ಫೋನ್ ಹಾಕಲೇಬೇಕು. ಸ್ಪೀಕರ್ ಇಟ್ಟರೆ ಮಗುವಿನ ದನಿ ನಿಮ್ಮ ಮೈಕಿಗೆ ಹೊಕ್ಕು ತಿರುಗಿ ಅದರ ಕಿವಿಗೇ ಬೀಳುತ್ತದೆ. ಇಯರ್‌ಫೋನ್ ವೈರಿನದೇ ಇರಲಿ. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಚಾಲೂ ಆದ ಕೂಡಲೇ ಅದು ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ, ಮೇಲಿನ ಸ್ವರಗಳ ಹೊಳಪು ಹೋಗುತ್ತದೆ.

ಇನ್ನೂ ಸುಲಭದ ದಾರಿ ಒಂದಿದೆ. ಮಕ್ಕಳೇ ತಮ್ಮ ಕಡೆ ಅದೇ ಪಟ್ಟಿಯ (ಶ್ರುತಿಯ) ತಂಬೂರಿ ಆ್ಯಪ್ ಹಚ್ಚಿಕೊಳ್ಳಲಿ. ತಂಬೂರಿಗೆ ತಾಳವಿಲ್ಲ, ಹಾಗಾಗಿ ನಿಮ್ಮ ದನಿ ಕಾಲು ಸೆಕೆಂಡು ತಡವಾಗಿ ತಲುಪಿದರೂ ಶ್ರುತಿಗೆ ಧಕ್ಕೆಯಿಲ್ಲ. ತಬಲಾ, ಲೆಹರಾಕ್ಕೆ (ತಬಲಾ ಜೊತೆ ತಿರುತಿರುಗಿ ನುಡಿಸುವ ಧಾಟಿ) ತಾಳವಿರುವುದರಿಂದ ಈ ಉಪಾಯ ನಡೆಯದು.

ಪ್ರಶ್ನೆ: ನಾನು ಬೀದರಿನಾಗ ತಬಲಾ ಬಾರಸ್ತೀನಿ, ನಮ್ಮ ಹಾರ್ಮೋನಿಯಂ ಮಾಸ್ತರು ಕಲಬುರಗಿಯಾಗ ಇರ್ತಾರ್ರಿ. ನೆಟ್ ಮ್ಯಾಲ ಕೂಡಿ ರಿಯಾಜ್ ಮಾಡ್ಲಿಕ್ಕೆ ಜಾಮುಲಸ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡೀವಿ. ನಮ್ಮನ್ಯಾಗೇ ಸರ್ವರ್ ಮಾಡಿ ರೂಟರಿನಾಗ 22124 ಪೋರ್ಟ್ ತೆಗೆದ್ರೂ ಅವರಿಗೆ ಕೂಡಲಿಕ್ಕೆ ಬರವಲ್ದು. ಬ್ಯಾರೆ ಯಾರದೋ ಸರ್ವರಿಗೆ ಹೋದ್ರ ಕೂಡತದ, ಆದ್ರ ಲಯ ಹಿಂದಕ್ಕ ಜಗ್ಗತದ. ನಂದು 100 ಎಂಬಿಪಿಎಸ್ ಫೈಬರ್ ಅದ.
– ತಬಲಾ ವಾದಕ, ಬೀದರ್

ಉತ್ತರ: ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಮೊದಲು ಸರ್ವರ್. ರೂಟರಿನ ಸೆಟ್ಟಿಂಗ್ಸ್ ಪುಟ ಹೊಕ್ಕು 'ವ್ಯಾನ್ ಐಪಿ' (ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) ಎಂದಿರುವ ಕಡೆ ನೋಡಿ. ಅದು 100.64ರಿಂದ 100.127ರ ಒಳಗಿನ ಸಂಖ್ಯೆಯಿಂದ ಶುರುವಾದರೆ, ಅಥವಾ 'ನನ್ನ ಐಪಿ ಯಾವುದು' ಎಂದು ಬ್ರೌಸರಿನಲ್ಲಿ ಹುಡುಕಿದಾಗ ಬರುವ ಸಂಖ್ಯೆಗೆ ತಾಳೆಯಾಗದಿದ್ದರೆ, ನಿಮ್ಮ ಕಂಪನಿಯವರು ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಆಗ ನಿಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ ತೆಗೆದರೂ ಹೊರಗಿನಿಂದ ಬರುವವರಿಗೆ ಬಾಗಿಲೇ ಸಿಗುವುದಿಲ್ಲ. ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಮೀಸಲಾದ ವಿಳಾಸ) ಕೇಳಿ ಪಡೆಯಬಹುದು, ಅದಕ್ಕೆ ಬೇರೆ ದುಡ್ಡು ಹಿಡಿಯುತ್ತಾರೆ. ನಾವಾದರೆ ರಿಯಾಜ್ ಇರುವ ಹೊತ್ತಿಗಷ್ಟೇ ಹೈದರಾಬಾದ್ ಅಥವಾ ಮುಂಬೈನಲ್ಲಿ ಗಂಟೆ ಲೆಕ್ಕದ ಸಣ್ಣ ಕ್ಲೌಡ್ ಸರ್ವರ್ ಹಿಡಿಯಿರಿ ಎನ್ನುತ್ತೇವೆ. ಇಬ್ಬರಿಗೆ ಒಂದು ಜಿಬಿ ರ‍್ಯಾಮಿನ ಉಬುಂಟು ಯಂತ್ರ ಸಾಕು. ಅದರ ಫೈರ್‌ವಾಲ್‌ನಲ್ಲಿ 22124 ತೆಗೆಯುವಾಗ, ಡೇಟಾ ಕಳಿಸುವ ಎರಡು ಬಗೆಗಳಾದ ಟಿಸಿಪಿ, ಯುಡಿಪಿಗಳಲ್ಲಿ ಯುಡಿಪಿ ಎಂದು ಆಯ್ದುಕೊಳ್ಳಿ. ಮೊದಲಿಗೇ ಕಾಣುವ ಟಿಸಿಪಿ ಆಯ್ದು 'ಎಲ್ಲಾ ಸರಿ ಇದೆ, ಆದರೂ ಕೂಡವಲ್ದು' ಎನ್ನುವವರೇ ಹೆಚ್ಚು. ಜಾಮುಲಸ್ ಧ್ವನಿ ಹೋಗುವುದು ಯುಡಿಪಿಯಲ್ಲಿ.

ಇನ್ನು ಲಯ. ಜಾಮುಲಸ್‌ಗೆ ಒಂದು ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ, ಹಾಗಾಗಿ ನಿಮ್ಮ 100 ಇಲ್ಲಿ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ತಡ, ಮತ್ತು ಆ ತಡ ಕ್ಷಣಕ್ಷಣಕ್ಕೂ ಎಷ್ಟು ಹೊಯ್ದಾಡುತ್ತದೆ ಎನ್ನುವುದು. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. 30 ಮಿಲಿಸೆಕೆಂಡು ತಡವೆಂದರೆ ನೀವಿಬ್ಬರೂ ವೇದಿಕೆಯ ಮೇಲೆ ಹತ್ತು ಮೀಟರ್ ದೂರ ಕುಳಿತಂತೆ, ಕಷ್ಟಪಟ್ಟು ನುಡಿಸಬಹುದು. 60 ದಾಟಿದರೆ ಒಬ್ಬರು ಇನ್ನೊಬ್ಬರಿಗೆ ಕಾಯುತ್ತಾ ಪ್ರತಿ ಆವರ್ತನಕ್ಕೂ ಲಯ ಇಳಿಯುತ್ತದೆ. ನೀವು ಹೇಳಿದ ಜಗ್ಗುವಿಕೆ ಇದೇ.

ಬೀದರ್–ಕಲಬುರಗಿ ನಡುವಿನ ನೂರಿಪ್ಪತ್ತು ಕಿಲೋಮೀಟರ್ ಒಳಗಿನ ದೂರಕ್ಕೆ ಫೈಬರಿನಲ್ಲಿ ಒಂದು ಮಿಲಿಸೆಕೆಂಡೂ ಬೇಡ. ಆದರೆ ನಿಮ್ಮಿಬ್ಬರ ಕಂಪನಿ ಬೇರೆಬೇರೆಯಾಗಿದ್ದರೆ ಡೇಟಾ ನೇರ ಹೋಗದೆ ದೊಡ್ಡ ನಗರಕ್ಕೆ ಹೋಗಿ ತಿರುಗಿ ಬರುತ್ತದೆ. ಅದನ್ನು ನೀವು ತಿದ್ದಲಾರಿರಿ. ತಿದ್ದಬಹುದಾದದ್ದು ಮನೆಯೊಳಗಿನದು. ಲ್ಯಾಪ್‌ಟಾಪನ್ನು ವೈಫೈ ಬಿಡಿಸಿ ಲ್ಯಾನ್ ಕೇಬಲ್ಲಿನಿಂದ ರೂಟರಿಗೆ ಹಚ್ಚಿ. ಈ ಒಂದೇ ಕೆಲಸ ಉಳಿದ ಎಲ್ಲ ಸೆಟ್ಟಿಂಗ್‌ಗಳಿಗಿಂತ ಹೆಚ್ಚು ಫಲ ಕೊಡುತ್ತದೆ, ಯಾಕೆಂದರೆ ಹೊಯ್ದಾಟ ಹೆಚ್ಚಾಗಿ ವೈಫೈಯದು.

ಆಮೇಲೆ ಸೌಂಡ್ ಕಾರ್ಡ್. ವಿಂಡೋಸ್‌ನಲ್ಲಿ ಜಾಮುಲಸ್‌ಗೆ ಆಸಿಯೊ ಡ್ರೈವರ್ (ಕಡಿಮೆ ತಡದಲ್ಲಿ ಸದ್ದು ಸಾಗಿಸುವ ಸಾಫ್ಟ್‌ವೇರ್) ಬೇಕು. ಸ್ವಂತ ಆಸಿಯೊ ಡ್ರೈವರ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕ್, ಹೆಡ್‌ಫೋನ್ ಜೋಡಿಸುವ ಹೊರಗಿನ ಸೌಂಡ್ ಕಾರ್ಡ್) ಇದ್ದರೆ ಉತ್ತಮ. ಇಲ್ಲದವರು 'ಆಸಿಯೊ ಫಾರ್ ಆಲ್' ಹಾಕಿಕೊಳ್ಳುತ್ತಾರೆ. ಅದರಲ್ಲಿ ನಿಮ್ಮ ಡಿವೈಸ್ ಮೇಲೆ ಕೆಂಪು ಗುರುತು ಬಂದರೆ ಬ್ರೌಸರೋ ಝೂಮೋ ಅದನ್ನು ಹಿಡಿದು ಕೂತಿದೆ, ಮುಚ್ಚಿ ಮತ್ತೆ ತೆರೆಯಿರಿ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯಬೇಕು ಎಂಬ ಲೆಕ್ಕ) ಎಲ್ಲ ಕಡೆ 48,000 ಇರಲಿ, ಜಾಮುಲಸ್ ಬೇರೆಯದನ್ನು ಒಪ್ಪುವುದಿಲ್ಲ. ಬಫರ್ (ಸದ್ದನ್ನು ತುಸು ಹೊತ್ತು ಕೂಡಿಡುವ ಜಾಗ) 128 ಸ್ಯಾಂಪಲ್ ಇಟ್ಟರೆ ತಡ 2.7 ಮಿಲಿಸೆಕೆಂಡು, 256ಕ್ಕೆ 5.3, 512ಕ್ಕೆ 10.7. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ, ಹೀಗೆ ಎರಡು ಸಲ ಸೇರುತ್ತದೆ. 128ರಿಂದ ಶುರು ಮಾಡಿ, ಚಟಚಟ ಬಂದರೆ 256ಕ್ಕೆ ಏರಿಸಿ. 512ಕ್ಕೆ ಹೋದರೆ ಮಾತ್ರ ನಿಲ್ಲುವಂತಿದ್ದರೆ ಆ ಯಂತ್ರ ಈ ಕೆಲಸಕ್ಕೆ ಬಾರದು.

ಯುಎಸ್‌ಬಿ ಮೈಕ್ ಒಂದು, ಹೆಡ್‌ಫೋನ್ ಲ್ಯಾಪ್‌ಟಾಪಿನ ತೂತಿಗೆ, ಹೀಗೆ ಜೋಡಿಸಿದ್ದರೆ ಬಫರ್ ಎಷ್ಟಿದ್ದರೂ ಆಗಾಗ ಟಕ್ ಟಕ್ ಎನ್ನುತ್ತದೆ. ಎರಡು ಸಾಧನಗಳ ಗಡಿಯಾರಗಳು ಒಂದೇ ವೇಗದಲ್ಲಿ ಓಡುವುದಿಲ್ಲ, ತುಸು ಹೊತ್ತಿಗೆ ಒಂದು ಮುಂದೆ ಹೋಗಿಬಿಡುತ್ತದೆ. ಮೈಕ್ ಮತ್ತು ಹೆಡ್‌ಫೋನ್ ಎರಡೂ ಒಂದೇ ಇಂಟರ್‌ಫೇಸಿಗೆ ಸೇರಿರಬೇಕು.

ಇನ್ನು ನುಡಿಸುವ ಕ್ರಮ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ (ನಿಮ್ಮ ಸದ್ದನ್ನು ನೇರ ನಿಮ್ಮ ಕಿವಿಗೆ ಕೊಡುವ ಗುಂಡಿ) ಆಫ್ ಮಾಡಿ, ಸರ್ವರಿನಿಂದ ತಿರುಗಿ ಬಂದ ನಿಮ್ಮದೇ ಬೋಲ್ ಕೇಳಿ ನುಡಿಸಿ. ಮೊದಲು ಕಿರಿಕಿರಿ ಅನ್ನಿಸುತ್ತದೆ. ಆದರೆ ಇಬ್ಬರೂ ಸರ್ವರಿನಲ್ಲಿ ಬೆರೆತ ಒಂದೇ ಸದ್ದನ್ನು ಕೇಳಿದಾಗಲೇ ಸಮ್ (ತಾಳದ ಮೊದಲ ಮಾತ್ರೆ) ಕೂಡುತ್ತದೆ. ಸಂಗತ್ ಎಂದು ತಬಲಾ ಹಾರ್ಮೋನಿಯಂಗೆ ಕಾಯುವುದು ಇಲ್ಲಿ ಬೇಡ. ಠೇಕಾ ನೀವು ಗಟ್ಟಿಯಾಗಿ ಹಿಡಿಯಿರಿ, ಮಾಸ್ತರು ಅದರ ಮೇಲೆ ಬರಲಿ. ಜಾಮುಲಸ್‌ನ 'ಡಿಲೇ' ದೀಪ ಹಸಿರಿದ್ದರೆ ಮಧ್ಯ ಲಯ ಆರಾಮ, ಹಳದಿಯಾದರೆ ವಿಲಂಬಿತದಲ್ಲೇ ಇರಿ. ಕೆಂಪಾದರೆ ಅವತ್ತು ರೆಕಾರ್ಡ್ ಮಾಡಿ ಕಳಿಸಿಕೊಳ್ಳುವುದೇ ವಾಸಿ. ದ್ರುತ್ (ವೇಗದ ಲಯ) ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನಮ್ಮೂರ ಮಠದಾಗ ಭಜನಿ, ತತ್ವಪದ ಯೂಟ್ಯೂಬಿಗೆ ಲೈವ್ ಬಿಡ್ತೀವ್ರಿ. ಮಿಕ್ಸರಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರ್ ಹಾಕಿ ಓಬಿಎಸ್ ಅನ್ನೋ ಲೈವ್ ಬಿಡೋ ಸಾಫ್ಟ್‌ವೇರಿನಾಗ ತಗೋತೀವಿ. ದನಿ ಒಡೀತದ, ಒಂದೇ ಕಿವಿಗೆ ಬರ್ತದ, ಹಿಂದ ಗುಂಯ್ ಅಂತದ. ತಾಸಾದ ಮ್ಯಾಲ ಬಾಯಿ ಒಂದು ಕಡಿ, ಮಾತು ಒಂದು ಕಡಿ.
– ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಒಡೆಯುವುದಕ್ಕೆ ಕಾರಣ ಆ ತೂತೇ. ಮಿಕ್ಸರಿನ ಲೈನ್ ಔಟ್‌ನಲ್ಲಿ ಬರುವ ಸಿಗ್ನಲ್ ಹೆಚ್ಚುಕಡಿಮೆ ಒಂದು ವೋಲ್ಟಿನಷ್ಟು. ಲ್ಯಾಪ್‌ಟಾಪಿನ ಮೈಕ್ ಒಳದಾರಿ ಕೆಲವೇ ಮಿಲಿವೋಲ್ಟಿಗಾಗಿ ಇರುವಂಥದ್ದು. ಓಬಿಎಸ್‌ನಲ್ಲಿ ಸ್ಲೈಡರ್ ಎಷ್ಟು ಇಳಿಸಿದರೂ ಒಳಬರುವ ಮೊದಲೇ ಒಡೆದದ್ದು ಸರಿಯಾಗದು. ಲೈನ್ ಇನ್ ಇರುವ ಸಣ್ಣ ಯುಎಸ್‌ಬಿ ಇಂಟರ್‌ಫೇಸ್ ತಂದು, ಮಿಕ್ಸರಿನ ರೆಕ್ ಔಟ್ (ರೆಕಾರ್ಡಿಂಗ್‌ಗಿರುವ ಹೊರದಾರಿ) ಅಥವಾ ಆಕ್ಸ್‌ನಿಂದ (ಬೇರೆ ಹದ ಮಾಡಬಹುದಾದ ಹೊರದಾರಿ) ಅದಕ್ಕೆ ಕೊಡಿ. ಆಕ್ಸ್ ಆದರೆ ಇನ್ನೂ ಒಳ್ಳೆಯದು: ಪಂಡಾಲಿನಲ್ಲಿ ದಿಮ್ಮಡಿ ತಾನೇ ಜೋರಾಗಿ ಕೇಳುವುದರಿಂದ ಮಿಕ್ಸರಿನಲ್ಲಿ ಅದನ್ನು ಕಡಿಮೆ ಇಟ್ಟಿರುತ್ತಾರೆ, ಯೂಟ್ಯೂಬಿನಲ್ಲಿ ಅದು ಕೇಳುವುದೇ ಇಲ್ಲ. ಆಕ್ಸ್‌ನಲ್ಲಿ ಲೈವ್‌ಗೆಂದೇ ಬೇರೆ ಹದ ಮಾಡಬಹುದು. ಓಬಿಎಸ್ ಮೀಟರಿನಲ್ಲಿ ಗಟ್ಟಿ ದನಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಆಡಲಿ.

ಒಂದೇ ಕಿವಿಯ ತೊಂದರೆಗೆ ಓಬಿಎಸ್‌ನ 'ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್'ನಲ್ಲಿ ಆ ಮೈಕಿನ ಎದುರು 'ಮೊನೊ' ಟಿಕ್ ಮಾಡಿದರೆ ಮುಗಿಯಿತು. ಗುಂಯ್ ಎನ್ನುವುದು 50 ಹರ್ಟ್ಸ್ ಕರೆಂಟಿನ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಮಿಕ್ಸರ್ ಮತ್ತು ಚಾರ್ಜರ್ ಬೇರೆಬೇರೆ ಪ್ಲಗ್ಗಿನ ಅರ್ಥಿಂಗ್ ಮೂಲಕ ಸುತ್ತು ಹಾಕುತ್ತಿವೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗಲೂ ಹೋಗದಿದ್ದರೆ ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ ಬರುವ ಆಡಿಯೊ ವೈರಿನ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವ 'ಗ್ರೌಂಡ್ ಲೂಪ್ ಐಸೊಲೇಟರ್' ಹಚ್ಚಿ. ಅರ್ಥ್ ಪಿನ್ ಮುರಿದು ಹಾಕುವ ಚಾಳಿ ಇದೆ, ಅದನ್ನು ಮಾಡಲೇಬೇಡಿ. ಕಬ್ಬಿಣದ ಮೈಕ್ ಹಿಡಿದವರಿಗೆ ಶಾಕ್ ಹೊಡೆಯಬಹುದು.

ಮೊದಲಿನಿಂದಲೇ ಬಾಯಿ–ಮಾತು ಕೂಡದಿದ್ದರೆ ಓಬಿಎಸ್‌ನಲ್ಲಿ ಸದ್ದನ್ನು ಹಿಂದೆ ಮುಂದೆ ಸರಿಸುವ 'ಸಿಂಕ್ ಆಫ್‌ಸೆಟ್' ಸಾಕಿತ್ತು. ನಿಮ್ಮದು ಬರಬರುತ್ತ ಹೆಚ್ಚಾಗುತ್ತಿದೆ, ಆದ್ದರಿಂದ ಸ್ಯಾಂಪಲ್ ರೇಟ್ ನೋಡಿ. ವಿಂಡೋಸ್‌ನ ಸೌಂಡ್ ಪ್ರಾಪರ್ಟೀಸ್‌ನಲ್ಲಿ 44,100, ಓಬಿಎಸ್‌ನಲ್ಲಿ 48,000 ಇದ್ದರೆ ಎರಡನ್ನೂ 48,000ಕ್ಕೆ ತನ್ನಿ, ಓಬಿಎಸ್ ಮುಚ್ಚಿ ತೆರೆಯಿರಿ.

ಜಾತ್ರೆಯ ದಿನ ಮೊಬೈಲ್ ಹಾಟ್‌ಸ್ಪಾಟ್ ನಂಬಬೇಡಿ. ಹಿಂದಿನ ದಿನ ಖಾಲಿ ಮೈದಾನದಲ್ಲಿ ಬಂದ ಅಪ್‌ಲೋಡ್ ವೇಗ ಜನ ಸೇರಿದ ಮೇಲೆ ಇರುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ವಿಡಿಯೊ ಬಿಟ್‌ರೇಟ್ 1,500 ಕೆಬಿಪಿಎಸ್‌ಗೆ ಇಳಿಸಿ, ಆಡಿಯೊ 128ಕ್ಕಿಂತ ಕೆಳಗೆ ತರಬೇಡಿ. ಚಿತ್ರ ಮಸುಕಾದರೂ ಭಕ್ತರು ಕೇಳುತ್ತಾರೆ, ಪದ ಕಡಿದರೆ ಎದ್ದು ಹೋಗುತ್ತಾರೆ.

ಪ್ರಶ್ನೆ: ಮುಂಜಾನಿ ಆನ್‌ಲೈನ್ ಕ್ಲಾಸ್ ಚಲೋ ನಡೀತದ. ಬ್ಯಾಸಗ್ಯಾಗ ಮಧ್ಯಾಹ್ನ ಮಾತ್ರ ನನ್ನ ದನಿ ಚಟಚಟ ಅಂತದಂತ. ನೆಟ್ ಕಾರಣೇನ್ರಿ?
– ಶಿಕ್ಷಕ, ಸೇಡಂ

ಉತ್ತರ: ಬಿಸಿಲಿನದೇ ಇರಬೇಕು. ಸೇಡಂ ಬಿಸಿಲಿಗೆ ಲ್ಯಾಪ್‌ಟಾಪ್ ಕಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ಬಫರ್ ತುಂಬುವಷ್ಟರಲ್ಲಿ ಸಮಯ ಮೀರುತ್ತದೆ. ಚಟಚಟ ಬರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ವೇಗ ನೋಡಿ. 'ಬೇಸ್ ಸ್ಪೀಡ್' 2.4 ಗಿಗಾಹರ್ಟ್ಸ್ ಎಂದಿದ್ದು ಓಡುತ್ತಿರುವುದು ಒಂದಕ್ಕಿಂತ ಕೆಳಗಿದ್ದು, ಜೊತೆಗೆ ಬಳಕೆ ನೂರರ ಹತ್ತಿರ ಇದ್ದರೆ ಖಾತ್ರಿ. ಯಂತ್ರವನ್ನು ಗಾದಿ ಮೇಲಿಡದೆ ಹಿಂಭಾಗ ಎತ್ತಿ ಇಡಿ, ಒಳಗಿನ ಫ್ಯಾನಿನ ದೂಳು ತೆಗೆಸಿ, ಬ್ಯಾಟರಿ ಸೇವರ್ ಆಫ್ ಮಾಡಿ. ಝೂಮ್‌ನ ಹಿನ್ನೆಲೆ ಮಸುಕು ಮಾಡುವ ಆಯ್ಕೆ ಪ್ರೊಸೆಸರನ್ನು ಬಹಳ ದುಡಿಸುತ್ತದೆ, ಅದನ್ನೂ ತೆಗೆಯಿರಿ.

ವೇಗ ಇಳಿಯದಿದ್ದರೆ ಆಗ ನೆಟ್ ಕಡೆ ನೋಡಿ. ಲ್ಯಾಪ್‌ಟಾಪಿನಿಂದ ನಿಮ್ಮ ರೂಟರಿನ ವಿಳಾಸಕ್ಕೇ ಒಂದು ನಿಮಿಷ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಎಂದು ನೋಡುವ ಪರೀಕ್ಷೆ) ಬಿಡಿ. ಗೋಡೆಯಾಚೆಯ ರೂಟರಿನಿಂದಲೇ ಉತ್ತರ ಬರಲು 30 ಮಿಲಿಸೆಕೆಂಡು ದಾಟುತ್ತಿದ್ದರೆ, ಅಥವಾ ನಡುನಡುವೆ ಉತ್ತರವೇ ಬಾರದಿದ್ದರೆ, ತಪ್ಪು ವೈಫೈಯದು. ಕಂಪನಿಗೆ ದೂರು ಕೊಟ್ಟು ಉಪಯೋಗವಿಲ್ಲ, ಕೇಬಲ್ ಎಳೆಸಿ.