ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ) ಮೋಟರ್‌ನ ಫೇಸ್ ವೋಲ್ಟೇಜ್ ಎಡಿಸಿಯಲ್ಲಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಪ್ರತಿ ಸಲ ಬೇರೆ ಬರುತ್ತಿದೆ. ಸರಿಯಾಗಿ ಅಳೆಯುವುದು ಹೇಗೆ?

ಪಿಡಬ್ಲ್ಯುಎಂ (ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ನಿಯಂತ್ರಿಸುವ ವಿಧಾನ) ನಡೆಯುವಾಗ ಫೇಸ್ ತಂತಿ ಬಸ್ ವೋಲ್ಟೇಜ್‌ಗೂ (ಪೂರೈಕೆಯ ಡಿಸಿ ವೋಲ್ಟೇಜ್) ಗ್ರೌಂಡ್‌ಗೂ ಸೆಕೆಂಡಿಗೆ ಸಾವಿರಾರು ಸಲ ಜಿಗಿಯುತ್ತದೆ. ನೀವು ಯಾವ ಕ್ಷಣದಲ್ಲಿ ಓದಿದಿರಿ ಅನ್ನುವುದರ ಮೇಲೆ ಅಂಕಿ ನಿಂತಿದೆ.

ಆದ್ದರಿಂದ ಎಡಿಸಿಯನ್ನು ಪಿಡಬ್ಲ್ಯುಎಂ ಟೈಮರ್‌ನಿಂದಲೇ ಟ್ರಿಗರ್ ಮಾಡಿ. ಆರು ಹಂತದ ಕಮ್ಯುಟೇಶನ್‌ನಲ್ಲಿ (ಕರೆಂಟನ್ನು ಸರದಿಯಂತೆ ಫೇಸ್‌ನಿಂದ ಫೇಸ್‌ಗೆ ಬದಲಿಸುವುದು) ಕರೆಂಟ್ ಹರಿಯದ ಮೂರನೇ ಫೇಸನ್ನು, ಆನ್ ಅವಧಿಯ ಕೊನೆಯ ಹೊತ್ತಿಗೆ, ರಿಂಗಿಂಗ್ (ಸ್ವಿಚ್ ಆದಾಗಿನ ಕ್ಷಣಿಕ ಏರಿಳಿತ) ಅಡಗಿದ ಮೇಲೆ ಓದಿ. ಅದು ಬಸ್ ವೋಲ್ಟೇಜ್‌ನ ಅರ್ಧವನ್ನು ದಾಟಿದರೆ ಬ್ಯಾಕ್ ಇಎಂಎಫ್‌ನ (ತಿರುಗುವ ಮೋಟರ್ ತಾನೇ ಹುಟ್ಟಿಸುವ ವೋಲ್ಟೇಜ್) ಝೀರೋ ಕ್ರಾಸಿಂಗ್, ಅಂದರೆ ಸೊನ್ನೆ ದಾಟುವುದು, ಆಯಿತು. ಅಲ್ಲಿಂದ 30 ವಿದ್ಯುತ್ ಡಿಗ್ರಿಗೆ ಮುಂದಿನ ಕಮ್ಯುಟೇಶನ್.

48 ವೋಲ್ಟ್ ಬಸ್‌ಗೆ 47ಕೆ, 2.2ಕೆ ರೆಸಿಸ್ಟರ್‌ಗಳ ಡಿವೈಡರ್ (ವೋಲ್ಟೇಜ್ ಇಳಿಸುವ ಜೋಡಿ) ಹಾಕಿದರೆ ಸುಮಾರು 2.15 ವೋಲ್ಟ್ ಸಿಗುತ್ತದೆ. ಬ್ರೇಕ್ ಹಾಕಿದಾಗ ಬಸ್ ಒಂದಿಷ್ಟು ಏರಿದರೂ 3.3 ವೋಲ್ಟ್ ಎಡಿಸಿಗೆ ಅಪಾಯವಿಲ್ಲ. ಹೆಚ್ಚಿನವರು ಎಡವುವುದು ಕೆಪಾಸಿಟರ್‌ನಲ್ಲಿ. 2.2ಕೆಗೆ ಸಮಾನಾಂತರವಾಗಿ 100 ನ್ಯಾನೊಫ್ಯಾರಡ್ ಇಟ್ಟರೆ ತರಂಗವೇನೋ ನುಣುಪಾಗುತ್ತದೆ, ಆದರೆ 500 ಹರ್ಟ್ಜ್ ವಿದ್ಯುತ್ ಆವರ್ತನದಲ್ಲಿ ಸಿಗ್ನಲ್ ಸುಮಾರು 33 ಡಿಗ್ರಿ ಹಿಂದೆ ಬೀಳುತ್ತದೆ. ಝೀರೋ ಕ್ರಾಸಿಂಗ್ ಗೊತ್ತಾಗುವಷ್ಟರಲ್ಲಿ ಕಮ್ಯುಟೇಶನ್ ಹೊತ್ತೇ ಮೀರಿರುತ್ತದೆ! 1 ನ್ಯಾನೊಫ್ಯಾರಡ್ ಸಾಕು.

ಎಫ್‌ಒಸಿ (ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್ ಎಂಬ ಬೇರೆ ನಿಯಂತ್ರಣ ವಿಧಾನ) ಆದರೆ ಫೇಸ್ ವೋಲ್ಟೇಜ್ ಅಳೆಯುವ ಗೋಜು ಸಾಮಾನ್ಯವಾಗಿ ಬೇಡ. ಡ್ಯೂಟಿಯನ್ನು (ಪಿಡಬ್ಲ್ಯುಎಂ ಆನ್ ಇರುವ ಪಾಲು) ಬಸ್ ವೋಲ್ಟೇಜ್‌ನಿಂದ ಗುಣಿಸಿ, ಡೆಡ್‌ಟೈಮ್ (ಎರಡೂ ಸ್ವಿಚ್ ಆಫ್ ಇರುವ ಚಿಕ್ಕ ಅಂತರ) ವ್ಯತ್ಯಾಸ ಸರಿಪಡಿಸಿ. ಆಗಲೇ ತಿರುಗುತ್ತಿರುವ ಮೋಟರನ್ನು ಸ್ಟಾರ್ಟ್ ಮಾಡಬೇಕಿದ್ದಾಗ ಮಾತ್ರ ಡಿವೈಡರ್ ನಿಜಕ್ಕೂ ನೆರವಿಗೆ ಬರುತ್ತದೆ.